ಅವಾರ್ಡ್ ಸಿನಿಮಾ ಅಂದ್ರೆ ಬೋರ್ ಸಿನಿಮಾನಾ?

"ಆ ಸಿನಿಮಾಗೆ ಅವಾರ್ಡ್ ಬಂದಿದೆಯಂತೆ" ಅಂದ್ರೆ ಸಾಕು, ನಮ್ಮಲ್ಲಿ ಎಷ್ಟೋ ಜನ ಅದನ್ನ ನೋಡೋ ಯೋಚನೆನೇ ಬಿಡ್ತಾರೆ. ಫೈಟ್ ಇರಲ್ಲ, ನಗು ಇರಲ್ಲ, ಹತ್ತು ನಿಮಿಷ ಒಂದೇ ಮರ ತೋರಿಸ್ತಾರೆ ಅನ್ನೋ ನಂಬಿಕೆ.

ಎರಡು ಉದಾಹರಣೆ ನೋಡೋಣ. ಗಿರೀಶ್ ಕಾರ್ನಾಡ್ ನಿರ್ದೇಶಿಸಿದ, ಶಂಕರ್ ನಾಗ್ ಅವರ ಮೊದಲ ಚಿತ್ರ 'ಒಂದಾನೊಂದು ಕಾಲದಲ್ಲಿ' (1978) ರಾಷ್ಟ್ರಪ್ರಶಸ್ತಿ ಪಡೆದದ್ದು. ಅದರ ತುಂಬ ಕತ್ತಿಕಾಳಗ. ಇವತ್ತಿನ ಲೆಕ್ಕದಲ್ಲಿ ಪಕ್ಕಾ ಆಕ್ಷನ್. ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರು. 101 ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ. ಮೊಮ್ಮಗನಿಗೆ ಜಮೀನು ಮಾರೋ ಅವಸರ, ಮಗ ಗಡ್ಡಪ್ಪನಿಗೆ ಯಾವುದರ ಗೊಡವೆಯೂ ಬೇಡ. ಸಾವಿನ ಮನೆ ಕಥೆಯಾದ್ರೂ ನಕ್ಕು ನಕ್ಕು ಸಾಕಾಗುತ್ತೆ.

ಆಕ್ಷನ್, ಕಾಮಿಡಿ ಅನ್ನೋದು ಸಿನಿಮಾದ ಬಗೆ. ಪ್ರಶಸ್ತಿ ಆಮೇಲೆ ಬರೋದು, ಅದೊಂದು ಬಗೆ ಅಲ್ಲ. ನಿಧಾನವಾದ ಪ್ರಶಸ್ತಿ ಚಿತ್ರಗಳೂ ಇವೆ, ಸುಳ್ಳಲ್ಲ. ಆದ್ರೆ ಎಳೆದಾಡೋ ಕಮರ್ಷಿಯಲ್ ಚಿತ್ರಗಳು ಇಲ್ವಾ?

ಈ ಹಣೆಪಟ್ಟಿಯಿಂದ ಪೆಟ್ಟು ಬೀಳೋದು ಸಣ್ಣ ಚಿತ್ರಗಳಿಗೆ. ಅವಕ್ಕೆ ಪ್ರಚಾರಕ್ಕೆ ದುಡ್ಡಿರಲ್ಲ. ಮೊದಲ ವಾರಾಂತ್ಯ ಜನ ಬರದಿದ್ರೆ ಮಲ್ಟಿಪ್ಲೆಕ್ಸಿನವರು ಶೋ ಕಡಿಮೆ ಮಾಡ್ತಾರೆ. ಶೋ ಇಲ್ಲದಿದ್ರೆ ನೋಡಿದವರಿಲ್ಲ, ನೋಡಿದವರಿಲ್ಲದಿದ್ರೆ "ಬೋರಂತೆ" ಅನ್ನೋ ಮಾತಿಗೆ ಎದುರು ಹೇಳೋರೂ ಇಲ್ಲ.

ಮುಂದಿನ ಸಲ "ಅವಾರ್ಡ್ ಸಿನಿಮಾನಾ?" ಅನ್ನೋ ಬದಲು "ಕಥೆ ಏನು?" ಅಂತ ಕೇಳಿ. 'ಅಂತೆ' ನಂಬೋ ಮುಂಚೆ ಟ್ರೈಲರ್ ಆದ್ರೂ ನೋಡಿ.