ಲೆಕ್ಕದ ಅನ್ವಯ

ಪುತ್ತೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಗಣಿತವೆಂದರೆ ಬಾಲ್ಯದಿಂದಲೂ ಭಯ. ಎಂ.ಎ.ಗೆ ಕನ್ನಡವನ್ನು ಆರಿಸಿಕೊಂಡುದಕ್ಕೆ ಸಾಹಿತ್ಯಪ್ರೇಮವೇ ಕಾರಣವೆಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ಲೆಕ್ಕದಿಂದ ಪಾರಾಗುವ ಆಸೆಯೂ ಅದರಲ್ಲಿ ಅರ್ಧಪಾಲು ಇತ್ತು. ಆ ಹಳೆಯ ಸಾಲವನ್ನು ಮೊನ್ನೆ ಮಗಳು ವಸೂಲು ಮಾಡಿದಳು.

ಶಾಲೆಗೆ ಮಾಡಿ ಒಯ್ಯಬೇಕಾದ ಲೆಕ್ಕ. ಪುಸ್ತಕದ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಿತ್ತು: “ತಂದೆಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟು. ಆರು ವರ್ಷಗಳ ಬಳಿಕ ಮೂರರಷ್ಟಾಗುತ್ತದೆ. ಈಗ ಅವರ ವಯಸ್ಸೆಷ್ಟು?” ಒಂದು ಗಂಟೆಯಿಂದ ಬರೆದು ಅಳಿಸುತ್ತಿದ್ದವಳನ್ನು “ಇಷ್ಟೂ ಬಾರದೇ ನಿನಗೆ?” ಎಂದು ಗದರಿ ಪೆನ್ಸಿಲು ಕಸಿದುಕೊಂಡೆ. ಮಗಳ ವಯಸ್ಸು ‘ಕ್ಷ’ ಆಗಿರಲಿ, ತಂದೆಯದು ೪ಕ್ಷ. ಆದುದರಿಂದ ೪ಕ್ಷ + ೬ = ೩ಕ್ಷ + ೬. ಎರಡು ಕಡೆಯ ಆರನ್ನೂ ಕಳೆದೆ. ಕ್ಷ ಸೊನ್ನೆಯಾಯಿತು!

“ಹಾಗಾದರೆ ಮಗಳೂ ಹುಟ್ಟಲಿಲ್ಲ, ಅಪ್ಪನೂ ಹುಟ್ಟಲಿಲ್ಲ” ಎಂದಳು. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು.

ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ ನನ್ನ ತಾಯಿ ತಲೆಯೆತ್ತಿದರು. ಸುಳ್ಯದ ತವರಿನಿಂದ ಕಡಬಕ್ಕೆ ಸೊಸೆಯಾಗಿ ಬಂದವರು; ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಅಕ್ಕಿಯ ಲೆಕ್ಕವನ್ನು ಬಾಯಲ್ಲೇ ಮಾಡಿ ಸಂಸಾರ ತೂಗಿಸಿದವರು. “ಅಲ್ಲ ಮಾರಾಯ, ಅಪ್ಪನಿಗೆ ಆರು ವರ್ಷ ಏರುವಾಗ ಮಗಳು ಬೆಳೆಯದೆ ಕುಳಿತಿರುತ್ತಾಳೆಯೇ?” ಎಂದರು.

ಮೂರರಷ್ಟು ಎಂದರೆ ಯಾವುದರ ಮೂರರಷ್ಟು? ಮಗಳ ಆಗಿನ ವಯಸ್ಸಿನದು. ‘ಆರು ವರ್ಷಗಳ ಬಳಿಕ’ ಎಂಬ ಮಾತು ಇಬ್ಬರಿಗೂ ಅನ್ವಯಿಸಬೇಕು. ಆ ಅನ್ವಯವನ್ನು ತೋರಿಸುವುದೇ ಆವರಣಚಿಹ್ನೆ. ೪ಕ್ಷ + ೬ = ೩(ಕ್ಷ + ೬). ಬಲಗಡೆ ಬಿಡಿಸಿದರೆ ೩ಕ್ಷ + ೧೮. ಎರಡು ಕಡೆಯಿಂದಲೂ ೩ಕ್ಷ ಮತ್ತು ೬ ಕಳೆದಾಗ ಕ್ಷ = ೧೨. ತಾಳೆ ನೋಡಿದೆವು: ಈಗ ೧೨ ಮತ್ತು ೪೮, ಮುಂದೆ ೧೮ ಮತ್ತು ೫೪. ಹಳಗನ್ನಡ ಪದ್ಯದ ಅನ್ವಯ ತಪ್ಪಿದ ವಿದ್ಯಾರ್ಥಿಗಳ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕಳೆಯುವ ನಾನು, ಮೂರು ವಾಕ್ಯಗಳ ಗದ್ಯದಲ್ಲಿ ಎಡವಿದ್ದೆ.

ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದನೆಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ, ಹೇಳಿ, ಬೇಗನೆ ಮುಂದಿನ ಕವಿಗೆ ದಾಟುತ್ತೇನೆ. ಅದೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ತಿಳಿಯದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದರು. ಎಷ್ಟೋ ಅಷ್ಟು ಎಂದರ್ಥ. ಇದನ್ನು ಕೇಳಿ ಮಗಳು ನಕ್ಕಳು. ‘ಕ್ಷ’ಕ್ಕಿಂತ ಈ ಹೆಸರು ಅವಳಿಗೆ ಹಿಡಿಸಿತೆಂದು ತೋರುತ್ತದೆ.

ಗದರಿದ್ದು ತಪ್ಪಾಯಿತೆಂದು ಅವಳಿಗೆ ಹೇಳಿದೆ. ಉತ್ತರ ಬರಲಿಲ್ಲ, ಪುಸ್ತಕವನ್ನು ನನ್ನತ್ತ ಸರಿಸಿದಳು. “ಮುಂದಿನ ಲೆಕ್ಕ ಓದಿ ಅನ್ವಯ ಹೇಳಿ ಅಪ್ಪ. ಪೆನ್ಸಿಲು ನನ್ನಲ್ಲಿರಲಿ.”