ಕಾರ್ಡ್ ಕೈಯಲ್ಲಿದೆ, ಅರ್ಹತೆ ಇದೆಯೇ? ಊರಿನ ಯೋಧ ಕುಟುಂಬಗಳ ಚಿಕಿತ್ಸಾ ಹಕ್ಕಿನ ಬಗ್ಗೆ



ಚಾರ್ಟರ್ಡ್ ಅಕೌಂಟೆಂಟ್ ಮಾತಾಡಲು ನಿಂತರೆ ತೆರಿಗೆಯ ವಿಷಯವೇ ಇರುತ್ತದೆ ಎಂದು ಕೆಲವರು ಅಂದುಕೊಂಡಿರಬಹುದು. ಇವತ್ತು ತೆರಿಗೆ ಬೇಡ. ನಮ್ಮಲ್ಲಿ ಕೊಡಗಿನವರಿದ್ದೀರಿ, ಬೆಳಗಾವಿ, ಧಾರವಾಡ, ಕರಾವಳಿಯವರೂ ಇದ್ದೀರಿ. ಎಷ್ಟೋ ಮನೆಗಳಲ್ಲಿ ಅಪ್ಪನೋ ಅಣ್ಣನೋ ಮಾವನೋ ಸೈನ್ಯದಲ್ಲಿದ್ದವರು. ಅವರ ಕೈಯಲ್ಲಿರುವ ಒಂದು ಕಾರ್ಡಿನ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಇಸಿಎಚ್‌ಎಸ್ ಕಾರ್ಡ್, ಅಂದರೆ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯ ಕಾರ್ಡ್.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪ ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಅವರು ತೀರಿಕೊಂಡಾಗ ನಾನು ಹತ್ತು ದಿನದ ರಜೆ ಹಾಕಿ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಕುಟುಂಬ ಪಿಂಚಣಿ, ಬ್ಯಾಂಕ್ ಖಾತೆ, ವಿಮೆ ಎಲ್ಲದರ ಕಾಗದಗಳನ್ನೂ ಮುಗಿಸಿ ಬಂದೆ. ಆಸ್ಪತ್ರೆ ಕಾರ್ಡ್ ಕೇಳಿದ್ದಕ್ಕೆ "ನನ್ನ ಹತ್ರ ಬೇರೆಯೇ ಇದೆ ಮಗಾ" ಎಂದು ತೋರಿಸಿದರು. ಫೋಟೋ, ಹೆಸರು ಎಲ್ಲ ಸರಿ ಇತ್ತು. ಅಲ್ಲಿಗೆ ಬಿಟ್ಟೆ. ಮುಂದೊಂದು ರಾತ್ರಿ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದಾಗ ಕೌಂಟರಿನಲ್ಲಿ "ಈ ಕಾರ್ಡ್ ಬ್ಲಾಕ್ ಆಗಿದೆ" ಎಂದರು. ಕುವೈತ್‌ನಿಂದ ಆ ಹೊತ್ತಿನಲ್ಲಿ ದುಡ್ಡು ಕಳಿಸಲು ಒದ್ದಾಡಿದ್ದು ನನಗೆ ಇನ್ನೂ ನೆನಪಿದೆ. ದೊಡ್ಡಮ್ಮ ಉಳಿದರು. ಆದರೆ ಊರವರ ಲೆಕ್ಕವನ್ನೆಲ್ಲ ತಪಾಸಣೆ ಮಾಡುವ ನಾನು ಮನೆಯ ಲೆಕ್ಕವನ್ನು ನೋಡಿರಲಿಲ್ಲ.

ಚೆಕ್ ಬುಕ್ ಇದೆ ಅಂದರೆ ಖಾತೆಯಲ್ಲಿ ದುಡ್ಡಿದೆ ಅಂತಲ್ಲ. ಹಾಗೆಯೇ ಕಾರ್ಡ್ ಇದೆ ಅಂದರೆ ಅರ್ಹತೆ ಇದೆ ಅಂತಲ್ಲ. ಕಾರ್ಡ್ ಹೇಳುವುದು ಇವರು ಯಾರು ಎಂದು ಮಾತ್ರ. ಹಕ್ಕು ಇರುವುದು ಅದರ ಹಿಂದಿನ ದಾಖಲೆಯಲ್ಲಿ. ಇದು ನಮಗೆ ಹೊಸದೇನಲ್ಲ. ಇಲ್ಲಿ ಕ್ಲಿನಿಕ್‌ಗೆ ಹೋದರೆ ಸಿವಿಲ್ ಐಡಿ ಕೇಳುತ್ತಾರೆ. ರೆಸಿಡೆನ್ಸಿ ನವೀಕರಿಸುವಾಗ ಆರೋಗ್ಯ ವಿಮೆಯ ಶುಲ್ಕವನ್ನೂ ಕಟ್ಟುತ್ತೇವೆ. ರೆಸಿಡೆನ್ಸಿ ಮುಗಿದಿದ್ದರೆ ಕಾರ್ಡ್ ಎಷ್ಟು ಹೊಳೆಯುತ್ತಿದ್ದರೂ ಕೆಲಸ ಕೆಡುತ್ತದೆ. ಊರಿನ ಕಾರ್ಡಿನ ವಿಷಯದಲ್ಲಿ ಮಾತ್ರ ಇದನ್ನು ಮರೆಯುತ್ತೇವೆ.

ಈ ಯೋಜನೆ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ನಿವೃತ್ತ ಯೋಧರು ಹುದ್ದೆಗೆ ತಕ್ಕಂತೆ ಒಂದೇ ಸಲ ವಂತಿಗೆ ಕಟ್ಟಿ ಸದಸ್ಯರಾಗುತ್ತಾರೆ. ಚಿಕಿತ್ಸೆ ಪಾಲಿಕ್ಲಿನಿಕ್‌ನಿಂದ ಆರಂಭವಾಗುತ್ತದೆ. ಮಡಿಕೇರಿ, ಮಂಗಳೂರು, ಮೈಸೂರು, ಬೆಳಗಾವಿ, ಬೆಂಗಳೂರುಗಳಲ್ಲಿ ಪಾಲಿಕ್ಲಿನಿಕ್‌ಗಳಿವೆ. ಅಲ್ಲಿ ಕಾರ್ಡನ್ನು ಯಂತ್ರಕ್ಕೆ ಹಾಕಿ ಗುರುತು ಖಚಿತಪಡಿಸುತ್ತಾರೆ, ವೈದ್ಯರು ನೋಡುತ್ತಾರೆ. ದೊಡ್ಡ ಚಿಕಿತ್ಸೆ ಬೇಕಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ರೆಫರಲ್ ಕೊಡುತ್ತಾರೆ. ಆಸ್ಪತ್ರೆ ಅದೇ ಕಾರ್ಡನ್ನು ಮತ್ತೆ ಪರಿಶೀಲಿಸಿ, ನಗದಿಲ್ಲದೆ ಚಿಕಿತ್ಸೆ ಕೊಟ್ಟು, ಬಿಲ್ಲನ್ನು ಆನ್‌ಲೈನ್‌ನಲ್ಲಿ ಕಳಿಸುತ್ತದೆ. ಹಳೆಯ 16 ಕೆಬಿ, 32 ಕೆಬಿ ಕಾರ್ಡ್‌ಗಳ ಕಾಲ ಮುಗಿದಿದೆ. ಈಗ ನಡೆಯುವುದು 64 ಕೆಬಿ ಕಾರ್ಡ್. ಅದೂ ಮನೆಗೊಂದಲ್ಲ, ಪ್ರತಿ ಅವಲಂಬಿತರಿಗೂ ಬೇರೆ ಬೇರೆ.

ಪರಿಶೀಲನೆಯಲ್ಲಿ ನಿಜವಾಗಿ ಕೇಳುವ ಪ್ರಶ್ನೆಗಳು ಮೂರು.

ಮೊದಲನೆಯದು, ಇವರು ಅವರೇನಾ? ಪಿಂಚಣಿ ಆದೇಶವಾದ ಪಿಪಿಒದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಸೇವಾ ದಾಖಲೆಯಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ಸಾಮಾನ್ಯ. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹುಟ್ಟಿದ ತಾರೀಖಿನದೂ ಅದೇ ಕಥೆ. ಇದನ್ನು ಆರೋಗ್ಯವಾಗಿರುವಾಗಲೇ ಸರಿಪಡಿಸಬೇಕು.

ಎರಡನೆಯದು, ಹಕ್ಕು ಬಂದಿದ್ದು ಯಾರಿಂದ? ಪ್ರಧಾನ ಸದಸ್ಯರು ಯೋಧರು. ಉಳಿದವರ ಹಕ್ಕು ಅವರ ಮೂಲಕ ಬಂದದ್ದು. ಅವರು ತೀರಿಕೊಂಡರೆ ಹೆಂಡತಿಯ ಹಕ್ಕು ಹೋಗುವುದಿಲ್ಲ. ಆದರೆ ಮರಣ ಪ್ರಮಾಣಪತ್ರ, ಕುಟುಂಬ ಪಿಂಚಣಿಯ ದಾಖಲೆ ಕೊಟ್ಟು ಅವರೇ ಪ್ರಧಾನ ಸದಸ್ಯೆಯಾಗಿ ಹೊಸ ಕಾರ್ಡ್‌ಗೆ ಅರ್ಜಿ ಹಾಕಬೇಕು. ನಾನು ಬಿಟ್ಟಿದ್ದು ಇದನ್ನೇ. ಇನ್ನೊಂದು ಮಾತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ 4 ವರ್ಷ ಮುಗಿಸಿ ಹೊರಬರುವ ಹುಡುಗರಿಗೆ ಇಸಿಎಚ್‌ಎಸ್ ಇಲ್ಲ. ತಮ್ಮ ಸೈನ್ಯಕ್ಕೆ ಸೇರಿದ, ಇನ್ನು ಅಪ್ಪ ಅಮ್ಮನ ಆಸ್ಪತ್ರೆ ಚಿಂತೆ ಇಲ್ಲ ಎಂದು ವಿಮೆ ನಿಲ್ಲಿಸಬೇಡಿ.

ಮೂರನೆಯದು, ಹಕ್ಕು ಇವತ್ತೂ ಇದೆಯೇ? ಮಗನಿಗೆ 25 ವರ್ಷ ತುಂಬಿದರೆ, ಮದುವೆಯಾದರೆ ಅಥವಾ ಸಂಪಾದನೆ ಶುರುವಾದರೆ, ಯಾವುದು ಮೊದಲೋ ಅಂದಿಗೆ ಅವನ ಅರ್ಹತೆ ಮುಗಿಯುತ್ತದೆ. ಅಂದರೆ ಕುವೈತ್‌ನ ಸಂಬಳ ಕೈಗೆ ಬಂದಾಗಲೇ ನಮ್ಮದು ಮುಗಿದಿದೆ. ರಜೆಗೆ ಹೋದಾಗ ಹಳೇ ಕಾರ್ಡ್ ತೋರಿಸಿ ಹಲ್ಲು ಕೀಳಿಸಿಕೊಳ್ಳುವ ಆಸೆ ಬೇಡ. ಅಂಗವೈಕಲ್ಯವಿರುವ ಮಕ್ಕಳಿಗೆ ಮಾತ್ರ ವಯಸ್ಸಿನ ಈ ಮಿತಿ ಅನ್ವಯಿಸುವುದಿಲ್ಲ.

ತಂದೆ ತಾಯಿಯ ವಿಷಯದಲ್ಲಿ ನಾವೇ ಗೊತ್ತಿಲ್ಲದೆ ಎಡವುತ್ತೇವೆ. ಅಣ್ಣ ನಿವೃತ್ತ ಯೋಧ, ಅಪ್ಪ ಅಮ್ಮ ಅವನ ಅವಲಂಬಿತರು ಎಂದಿಟ್ಟುಕೊಳ್ಳಿ. ಅವರ ಒಟ್ಟು ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿರಬೇಕು. 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ. 50 ಆದಾಗ ಮಿತಿ 13,500 ರೂಪಾಯಿ ಆಯಿತು. ಈಗ ನೀವು ಪ್ರೀತಿಯಿಂದ ಅಪ್ಪನ ಹೆಸರಿನಲ್ಲಿ 30 ಲಕ್ಷ ಠೇವಣಿ ಇಟ್ಟಿರಿ. ಶೇ. 7ರ ಬಡ್ಡಿ ಹಿಡಿದರೂ ವರ್ಷಕ್ಕೆ 2,10,000, ತಿಂಗಳಿಗೆ 17,500 ರೂಪಾಯಿ. ಬಡ್ಡಿ ಅಪ್ಪನ ಆದಾಯ. ಆ ಮಿತಿ ದಾಟಿತು. ಠೇವಣಿ ಇಡಬೇಡಿ ಎನ್ನುವುದಿಲ್ಲ, ಯಾರ ಹೆಸರಿನಲ್ಲಿ ಎನ್ನುವುದನ್ನು ಮೊದಲು ಅಣ್ಣನೊಡನೆ ಕೂತು ಮಾತಾಡಿ. ಮಿತಿ ದಾಟಿದ್ದರೆ ಮುಚ್ಚಿಡದೆ ತಿಳಿಸಿ, ಬೇರೆ ವಿಮೆ ಮಾಡಿಸಿ.

ಇಷ್ಟೊಂದು ಬಿಗಿ ಯಾಕೆ ಎಂದು ಕೇಳಬಹುದು. ಅರ್ಹರಲ್ಲದವರಿಗೆ ಹೋದ ಪ್ರತಿ ರೂಪಾಯಿಯೂ ಇನ್ನೊಬ್ಬ ಯೋಧನ ಡಯಾಲಿಸಿಸ್‌ಗೋ ಕ್ಯಾನ್ಸರ್ ಔಷಧಕ್ಕೋ ಹೋಗಬೇಕಾಗಿದ್ದ ದುಡ್ಡು. ಕೌಂಟರಿನಲ್ಲಿ ಕೂತ ಹುಡುಗಿ ನಮ್ಮನ್ನು ಅನುಮಾನಿಸುತ್ತಿಲ್ಲ, ಆ ದುಡ್ಡನ್ನು ಕಾಯುತ್ತಿದ್ದಾಳೆ.

ತುರ್ತು ಸ್ಥಿತಿಯಲ್ಲಿ ರೆಫರಲ್‌ಗೆ ಕಾಯಬೇಕಿಲ್ಲ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ಅದು ಪಟ್ಟಿಯಲ್ಲಿರದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಬಿಲ್ಲನ್ನು ಮೊದಲು ನಾವೇ ಕಟ್ಟಿ, ನಂತರ ಮರುಪಾವತಿ ಕೇಳಬೇಕು. ಸಿಗುವುದು ಸರ್ಕಾರ ನಿಗದಿ ಮಾಡಿದ ದರದಲ್ಲಿ, ವ್ಯತ್ಯಾಸ ನಮ್ಮದು.

70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಬಂದಿದೆ, ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಊರಿನ ಸೈಬರ್ ಕೇಂದ್ರದವನು ಹೇಳಿದನೆಂದು ಆಯ್ಕೆ ಮಾಡಬೇಡಿ. ಪಾಲಿಕ್ಲಿನಿಕ್‌ನಲ್ಲಿ ಕೇಳಿ ನಿರ್ಧರಿಸಿ.

ಮುಂದಿನ ರಜೆಗೆ ಕಾಯುವುದೂ ಬೇಡ. ಇವತ್ತು ರಾತ್ರಿ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ಕಾರ್ಡ್ 64 ಕೆಬಿಯದ್ದಾ? ಪ್ರಧಾನ ಸದಸ್ಯರು ಯಾರು? ಪಿಪಿಒ, ಆಧಾರ್, ಕಾರ್ಡ್ ಮೂರರಲ್ಲೂ ಹೆಸರು ಒಂದೇ ಇದೆಯಾ? ಕೊನೆಯ ಸಲ ಪಾಲಿಕ್ಲಿನಿಕ್‌ನಲ್ಲಿ ಕಾರ್ಡ್ ಹಾಕಿದ್ದು ಯಾವಾಗ? ಕಾರ್ಡಿನ ಎರಡೂ ಬದಿಯ ಫೋಟೋ, ಪಾಲಿಕ್ಲಿನಿಕ್‌ನ ಫೋನ್ ನಂಬರ್ ನಿಮ್ಮ ಮೊಬೈಲಿನಲ್ಲಿರಲಿ. ಆರು ತಿಂಗಳಾದರೂ ಕಾರ್ಡ್ ಬಳಸಿಲ್ಲವಾದರೆ, ಜ್ವರ ಇಲ್ಲದಿದ್ದರೂ ಬಿಪಿ ನೋಡಿಸಿಕೊಂಡು ಬನ್ನಿ ಎಂದು ಕಳಿಸಿ. ಕಾರ್ಡಿನ ಆರೋಗ್ಯವೂ ಗೊತ್ತಾಗುತ್ತದೆ.

ನನ್ನ ದೊಡ್ಡಮ್ಮನ ಬಳಿ ಈಗ ಅವರದೇ ಹೆಸರಿನ ಕಾರ್ಡ್ ಇದೆ. ನಿಮ್ಮ ಮನೆಯವರಿಗೂ ಅದು ಎದೆನೋವಿಗೆ ಮೊದಲೇ ಸಿಗಲಿ.