ಕಡಲತೀರದ ನಡಿಗೆಯೂ ತಿಥಿಯೂ

ಕೃಷ್ಣೆಯ ದಡದ ನಮ್ಮ ಅಂಕಲಿಯ ಬಾಲಕರು ನೀರನ್ನು ಅರಿಯದವರಲ್ಲ. ಆದರೆ ಅವರು ಬಲ್ಲ ನೀರು ಒಂದೇ ದಿಕ್ಕಿಗೆ ಹರಿಯುವಂಥದು. ಕಡಲಾದರೋ ಬರುತ್ತದೆ, ಹೋಗುತ್ತದೆ. ಕುಮಟೆಯಿಂದ ಗೋಕರ್ಣದವರೆಗೆ ತೀರವನ್ನು ಹಿಡಿದು ಎರಡು ದಿನ ನಡೆಯುವ ತರುಣರ ತಂಡಗಳಿಗೆ ಮಾರ್ಗದರ್ಶಕನು ಬೇಕಾಗುವುದು ಇದಕ್ಕಾಗಿಯೇ.

ಅಘನಾಶಿನಿಯ ಅಳಿವೆಯನ್ನು ದೋಣಿಯಲ್ಲಿ ದಾಟಿ ತದಡಿಯನ್ನು ಸೇರಿದ ಮೇಲೆ, ಓಂ, ಕುಡ್ಲೆ ಮೊದಲಾದ ತೀರಗಳ ನಡುವೆ ಕಲ್ಲುಗುಡ್ಡಗಳು ಸಮುದ್ರಕ್ಕೆ ಚಾಚಿಕೊಂಡಿವೆ. ಇಳಿತದಲ್ಲಿ ಕಾಲಿಗೆ ಎಟುಕುವ ಬಂಡೆ ಉಬ್ಬರದಲ್ಲಿ ಮುಳುಗುವುದು. ಒಂದರಿಂದ ಇನ್ನೊಂದಕ್ಕೆ ಸುಮಾರು 6 ಗಂಟೆ. ದಿನದಿನಕ್ಕೂ ಹೆಚ್ಚುಕಡಿಮೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಸೂರ್ಯಚಂದ್ರರ ಆಕರ್ಷಣೆ ಒಂದುಗೂಡಿ ಉಬ್ಬರ ಅಧಿಕ; ಅಷ್ಟಮಿಯ ಆಚೀಚೆ ಅಲ್ಪ. ಲಗ್ನದ ಮುಹೂರ್ತಕ್ಕಷ್ಟೇ ಪಂಚಾಂಗ ತೆರೆಯುವ ನಮ್ಮಂಥ ಪಂಡಿತರಿಗಿಂತ ಮೀನುಗಾರರು ತಿಥಿಯ ಮರ್ಮವನ್ನು ಚೆನ್ನಾಗಿ ಬಲ್ಲರು.

ಹಿಂದೆ ಸರಿವ ತೆರೆಯ ಸೆಳೆತ ಈಜುಬಲ್ಲವನನ್ನೂ ಬಿಡದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಕಡಲಪಾಲಾದರು. ಆದುದರಿಂದ ಮಾರ್ಗದರ್ಶಕನು ಬಂಡೆಯ ಮುಂದೆ ಎರಡು ಗಂಟೆ ಕೂರಿಸಿದರೂ, ಗುಡ್ಡದ ಮೇಲಿನ ಸುತ್ತುದಾರಿ ಹಿಡಿಸಿದರೂ ಗೊಣಗತಕ್ಕದ್ದಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆ ಸಲ್ಲದು. ಚಳಿಗಾಲದಲ್ಲಿ ಹೊರಡುವವರು ದಿನಾಂಕ ಗೊತ್ತುಮಾಡುವ ಮುನ್ನ ತಿಥಿಯನ್ನೂ ನೋಡಲಿ.